ಹಾಡುವವರ ದನಿಗೆ ವಯಸ್ಸಾದಾಗ: ಯಾವ ಬದಲಾವಣೆ ಸಹಜ, ಯಾವುದನ್ನು ವೈದ್ಯರಿಗೆ ತೋರಿಸಬೇಕು?

2024ರ ಡಿಸೆಂಬರ್‌ನಲ್ಲಿ ಕೆನಡಾದ ರಾಕ್ ಗಾಯಕ ಬ್ರಯಾನ್ ಆ್ಯಡಮ್ಸ್ ಭಾರತ ಪ್ರವಾಸಕ್ಕೆ ಬಂದು ಬೆಂಗಳೂರಿನಲ್ಲೂ ಹೈದರಾಬಾದ್‌ನಲ್ಲೂ ಹಾಡಿದರು. ಆಗ ಅವರಿಗೆ 65 ವರ್ಷ. 1980ರ ದಶಕದಲ್ಲಿ ಅವರ ಕ್ಯಾಸೆಟ್ ಕೇಳುತ್ತಾ ಬೆಳೆದವರಿಗೂ ಈಗ ಐವತ್ತು ದಾಟಿದೆ. ಇಂಥ ಕಾರ್ಯಕ್ರಮ ಮುಗಿಸಿ ಹೊರಬರುವಾಗ ಜನ ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಒಂದು, "ಈ ವಯಸ್ಸಿನಲ್ಲೂ ಹೇಗೆ ಹಾಡುತ್ತಾರಪ್ಪ!" ಇನ್ನೊಂದು, "ಮೊದಲಿನ ಹಾಗೆ ಇಲ್ಲ ಬಿಡಿ."

ಇದೇ ಎರಡನೆಯ ಮಾತನ್ನು ನಿಮ್ಮ ಮನೆಯಲ್ಲೂ ನೀವು ಕೇಳಿರಬಹುದು. ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ ಅಪ್ಪ ಈಗ ಚರಣದ ಮೇಲಿನ ಸ್ವರ ಬಂದಾಗ ಸುಮ್ಮನಾಗುತ್ತಾರೆ. ಭಜನೆ ಮುನ್ನಡೆಸುತ್ತಿದ್ದ ಅಮ್ಮ ಅರ್ಧಕ್ಕೇ ಉಸಿರು ಸಾಲದೆ ನಿಲ್ಲಿಸುತ್ತಾರೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ವೇದಿಕೆಗಳಲ್ಲಿ ಪ್ರತಿ ವರ್ಷ ಹಾಡುತ್ತಿದ್ದ ಹಿರಿಯರು "ಈ ಸಲ ಬೇಡ, ಗಂಟಲು ಸರಿಯಿಲ್ಲ" ಎನ್ನುತ್ತಾರೆ.

ಇಂಥ ಸಮಯದಲ್ಲಿ ಮನೆಯವರಿಂದ ಎರಡು ಬಗೆಯ ತಪ್ಪು ಆಗಬಹುದು. "ವಯಸ್ಸಾಯಿತಲ್ಲ, ಅಷ್ಟೇ" ಎಂದು ರೋಗದ ಲಕ್ಷಣವನ್ನು ತಿಂಗಳುಗಟ್ಟಲೆ ಬಿಟ್ಟುಬಿಡುವುದು ಮೊದಲನೆಯದು. ಸಹಜ ಬದಲಾವಣೆಗೆ ಹೆದರಿ ಹಾಡುವುದನ್ನೇ ನಿಲ್ಲಿಸಿಬಿಡುವುದು ಎರಡನೆಯದು. ಇವೆರಡನ್ನೂ ತಪ್ಪಿಸಲು ದನಿ ಏಕೆ ಬದಲಾಗುತ್ತದೆ, ಅನುಭವಿ ಗಾಯಕರು ಅದಕ್ಕೆ ಹೇಗೆ ಹೊಂದಿಕೊಳ್ಳುತ್ತಾರೆ, ವೈದ್ಯರ ಬಳಿ ಯಾವಾಗ ಹೋಗಬೇಕು ಎಂಬುದನ್ನು ಇಲ್ಲಿ ತಿಳಿದುಕೊಳ್ಳೋಣ.

ದನಿ ಹುಟ್ಟುವುದು ಹೇಗೆ?

ನಿಮ್ಮ ಕತ್ತಿನ ಮುಂಭಾಗದಲ್ಲಿ ಕೈಗೆ ಸಿಗುವ ಗಟ್ಟಿ ಉಬ್ಬೇ ಧ್ವನಿಪೆಟ್ಟಿಗೆ. ಅದರೊಳಗೆ ಎರಡು ಧ್ವನಿತಂತುಗಳಿವೆ. ತಂತು ಎಂದರೂ ಅವು ವೀಣೆಯ ತಂತಿಯಂತಿಲ್ಲ. ಒಳಗೆ ಸ್ನಾಯು, ಅದರ ಮೇಲೆ ಜೆಲ್ಲಿಯಂಥ ಮೆತ್ತನೆಯ ಪದರ, ಎಲ್ಲಕ್ಕಿಂತ ಮೇಲೆ ತೆಳುವಾದ ಒದ್ದೆ ಪೊರೆ ಇರುವ ಎರಡು ಮಡಿಕೆಗಳು ಅವು. ವಯಸ್ಕ ಗಂಡಸರಲ್ಲಿ ಇವುಗಳ ಉದ್ದ ಸುಮಾರು ಎರಡು ಸೆಂಟಿಮೀಟರ್. ಹೆಂಗಸರಲ್ಲಿ ಇನ್ನೂ ಚಿಕ್ಕವು.

ಶ್ವಾಸಕೋಶದಿಂದ ಗಾಳಿ ಮೇಲೆ ಬರುವಾಗ ಈ ಮಡಿಕೆಗಳು ಒಂದಕ್ಕೊಂದು ತಾಗಿ ಕಂಪಿಸುತ್ತವೆ. ಮಾತನಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ತಾಗುತ್ತವೆ. ಎತ್ತರದ ಸ್ವರ ಹಾಡುವಾಗ ಈ ಸಂಖ್ಯೆ 400, 500 ದಾಟುತ್ತದೆ. ಹೀಗೆ ಹುಟ್ಟಿದ ಸದ್ದಿಗೆ ಗಂಟಲು, ಬಾಯಿ, ನಾಲಿಗೆ ಮತ್ತು ಮೂಗು ರೂಪ ಕೊಡುತ್ತವೆ.

ಅಂದರೆ ಹಾಡಲು ಮೂರು ವಿಷಯ ಸರಿಯಿರಬೇಕು: ಗಾಳಿಯ ಒತ್ತಡ, ತಂತುಗಳು ಮುಚ್ಚಿಕೊಳ್ಳುವ ಬಿಗಿ, ಮತ್ತು ಅವುಗಳ ಮೇಲಿನ ಪೊರೆಯ ತೇವ. ವಯಸ್ಸು ಈ ಮೂರನ್ನೂ ಮುಟ್ಟುತ್ತದೆ.

ವಯಸ್ಸು ಏನು ಮಾಡುತ್ತದೆ?

ಬದಲಾವಣೆ ಎಂದರೆ ಯಾವಾಗಲೂ ನಷ್ಟವಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 1967ರ 'ನಕ್ಕರೆ ಅದೇ ಸ್ವರ್ಗ' ಚಿತ್ರಕ್ಕೆ ಹಾಡಿದಾಗ ಇಪ್ಪತ್ತೊಂದರ ಆಸುಪಾಸಿನ ತರುಣ. ಆಗಿನ ತೆಳು ದನಿಯನ್ನು 1995ರ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರದ ದನಿಯ ಪಕ್ಕ ಇಟ್ಟು ಕೇಳಿ. ನಡುವಯಸ್ಸಿನ ದನಿಯಲ್ಲಿ ತುಂಬುತನವಿದೆ, ಹಿಡಿತವಿದೆ. ಆ ಚಿತ್ರದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಚೆನ್ನಾಗಿ ಬಳಸಿದ ದನಿ ನಲವತ್ತು, ಐವತ್ತರಲ್ಲಿ ಇನ್ನಷ್ಟು ಮಾಗುವುದುಂಟು.

ಅರವತ್ತರ ಆಚೀಚೆ ಬೇರೆ ಬದಲಾವಣೆಗಳು ಕಾಣಿಸತೊಡಗುತ್ತವೆ.

- ತೋಳು, ತೊಡೆಯ ಸ್ನಾಯುಗಳು ಸೊರಗುವ ಹಾಗೆ ಧ್ವನಿತಂತುಗಳ ಸ್ನಾಯುವೂ ಸೊರಗುತ್ತದೆ. ತಂತುಗಳ ಅಂಚು ಬಿಲ್ಲಿನಂತೆ ಬಾಗಿ ನಡುವೆ ಸಣ್ಣ ಸಂದು ಉಳಿಯುತ್ತದೆ. ಆ ಸಂದಿನಿಂದ ಗಾಳಿ ಸೋರುತ್ತದೆ. ದನಿ ತೆಳುವಾಗಿ, ಉಸಿರು ಬೆರೆತಂತೆ ಕೇಳಿಸುತ್ತದೆ.
- ಜೆಲ್ಲಿಯಂಥ ಪದರ ಗಟ್ಟಿಯಾಗಿ ಎಳೆತ ಕಡಿಮೆಯಾಗುತ್ತದೆ. ಮೇಲಿನ ಸ್ವರಗಳು ಮೊದಲು ಹೋಗುವುದು ಈ ಕಾರಣಕ್ಕೆ.
- ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಕ್ರಮೇಣ ಮೂಳೆಯಂತೆ ಗಡುಸಾಗುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ವೇಗ ತಗ್ಗುತ್ತದೆ.
- ಲೋಳೆ ಉತ್ಪಾದಿಸುವ ಗ್ರಂಥಿಗಳು ಕುಗ್ಗಿ ಗಂಟಲು ಬೇಗ ಒಣಗುತ್ತದೆ.
- ಎದೆಗೂಡು ಬಿಗಿಯಾಗಿ, ಶ್ವಾಸಕೋಶದ ಸ್ಥಿತಿಸ್ಥಾಪಕ ಗುಣ ಕಡಿಮೆಯಾಗಿ, ಒಂದೇ ಉಸಿರಿನಲ್ಲಿ ಉದ್ದನೆಯ ಸಾಲು ಹಾಡುವುದು ಕಷ್ಟವಾಗುತ್ತದೆ.

ಇನ್ನೊಂದು ವಿಷಯ ಹಲವರಿಗೆ ಆಶ್ಚರ್ಯ ತರಬಹುದು. ಮುಟ್ಟು ನಿಂತ ನಂತರ ಹೆಂಗಸರ ದನಿ ಸಾಮಾನ್ಯವಾಗಿ ಸ್ವಲ್ಪ ಕೆಳಗಿಳಿಯುತ್ತದೆ. ಇಳಿವಯಸ್ಸಿನ ಗಂಡಸರ ಮಾತಿನ ದನಿ ಸ್ವಲ್ಪ ಮೇಲೇರುತ್ತದೆ. ಅಜ್ಜಿಯ ದನಿ ದಪ್ಪಗಾಗಿ, ಅಜ್ಜನ ದನಿ ಕೀರಲಾಗುವುದು ಹೀಗೆ.

ಈ ಬದಲಾವಣೆಗಳು ನಿಧಾನವಾಗಿ, ವರ್ಷಗಳ ಅಂತರದಲ್ಲಿ ಬರುತ್ತವೆ. ನೋವು ಇರುವುದಿಲ್ಲ. ಈ ಎರಡು ಗುಣಗಳನ್ನು ನೆನಪಿಡಿ. ಸಹಜ ಬದಲಾವಣೆಯನ್ನು ಕಾಯಿಲೆಯಿಂದ ಬೇರೆ ಮಾಡಿ ನೋಡಲು ಇವು ಸಹಾಯ ಮಾಡುತ್ತವೆ.

ರಾಕ್ ಹಾಡುಗಾರಿಕೆಯ ಹೊರೆ

ರಾಕ್ ಗಾಯಕರು ಗಿಟಾರ್, ಡ್ರಮ್‌ಗಳ ಅಬ್ಬರದ ಮೇಲೆ ಕೇಳಿಸುವಂತೆ ಹಾಡಬೇಕು. ತನ್ನ ದನಿ ತನಗೇ ಕೇಳಿಸದಿದ್ದಾಗ ಯಾರೇ ಆದರೂ ತಿಳಿಯದೆಯೇ ಜೋರು ಮಾಡುತ್ತಾರೆ. ಜೋರು ಮಾಡಿದಷ್ಟೂ ತಂತುಗಳು ಒಂದಕ್ಕೊಂದು ಬಲವಾಗಿ ಹೊಡೆಯುತ್ತವೆ. ವರ್ಷಗಟ್ಟಲೆ ಹೀಗಾದರೆ, ಸನಿಕೆ ಹಿಡಿದವರ ಅಂಗೈಯಲ್ಲಿ ಜಡ್ಡುಗಟ್ಟುವಂತೆ ತಂತುಗಳ ಅಂಚಿನಲ್ಲಿ ಸಣ್ಣ ಗಂಟುಗಳು ಏಳಬಹುದು. ಒಮ್ಮೆಲೇ ಕಿರುಚಿದಾಗ ಒಳಗಿನ ಸೂಕ್ಷ್ಮ ರಕ್ತನಾಳ ಒಡೆದು ದನಿ ಹಠಾತ್ತನೆ ನಿಂತುಹೋಗುವುದೂ ಇದೆ.

ಬ್ರಿಟನ್ನಿನ ಜೆತ್ರೋ ಟಲ್ ತಂಡದ ಗಾಯಕ ಇಯಾನ್ ಆ್ಯಂಡರ್ಸನ್ ಅವರದು ಇದಕ್ಕೆ ಒಳ್ಳೆಯ ಉದಾಹರಣೆ. 1984ರಲ್ಲಿ ತಂಡ ಹೊರತಂದ 'ಅಂಡರ್ ರ‍್ಯಾಪ್ಸ್' ಆಲ್ಬಮ್‌ನ ಹಾಡುಗಳು ಗಂಟಲಿಗೆ ಬಹಳ ಕಷ್ಟ ಕೊಡುವಂಥವು. ಅವನ್ನು ಊರೂರಿನಲ್ಲಿ ಹಾಡುತ್ತಾ ಹೋದಾಗ ಅವರ ದನಿ ಕೈಕೊಟ್ಟಿತು, ಕಾರ್ಯಕ್ರಮಗಳು ರದ್ದಾದವು, ತಂಡ ದೀರ್ಘ ವಿರಾಮ ಪಡೆಯಿತು. 1987ರಲ್ಲಿ 'ಕ್ರೆಸ್ಟ್ ಆಫ್ ಎ ನೇವ್' ಬಂದಾಗ ಕೇಳುಗರಿಗೆ ಸಿಕ್ಕಿದ್ದು ಬೇರೆಯದೇ ದನಿ: ಶ್ರುತಿ ಕೆಳಗಿತ್ತು, ಹಾಡು ಮಾತಿಗೆ ಹತ್ತಿರವಾಗಿತ್ತು, ಅಬ್ಬರ ತಗ್ಗಿತ್ತು. ಗಂಟಲಿಗೆ ಸಾಧ್ಯವಿರುವ ಮಿತಿಯೊಳಗೆ ಹಾಡುಗಳು ರೂಪುಗೊಂಡಿದ್ದವು. ಆ ಆಲ್ಬಮ್‌ಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಇಲ್ಲಿ ನಿಮಗೆ ಬೇಕಾದ ಪಾಠವಿದೆ. ಹಳೆಯ ದನಿಯನ್ನು ಬಲವಂತವಾಗಿ ಎಳೆಯುವುದು ಅಪಾಯ. ಇರುವ ದನಿಗೆ ತಕ್ಕಂತೆ ಶೈಲಿಯನ್ನು ಬದಲಿಸುವುದು ಆರೋಗ್ಯ.

ಶೈಲಿ ಬದಲಿಸಿಕೊಳ್ಳುವ ಜಾಣತನ

ನಮ್ಮದೇ ನಾಡಿನ ಗಂಗೂಬಾಯಿ ಹಾನಗಲ್ ಅವರನ್ನು ನೆನೆಯಿರಿ. 1930ರ ದಶಕದ ಅವರ ಧ್ವನಿಮುದ್ರಿಕೆಗಳಲ್ಲಿ ಕೇಳಿಸುವುದು ಎತ್ತರದ, ತೆಳುವಾದ ಹೆಣ್ಣುದನಿ. ಮುಂದೆ ಗಂಟಲಿನ ತೊಂದರೆ ಮತ್ತು ಅದರ ಚಿಕಿತ್ಸೆಯ ನಂತರ ದನಿ ಗಂಡಸರ ದನಿಯಷ್ಟು ದಪ್ಪವಾಯಿತು. ಅವರು ಹಾಡುವುದನ್ನು ಬಿಡಲಿಲ್ಲ. ಆ ದಪ್ಪ ದನಿಗೆ ಒಪ್ಪುವ ಗಂಭೀರ, ನಿಧಾನಗತಿಯ ಗಾಯನವೇ ಅವರ ಗುರುತಾಯಿತು. ತೊಂಬತ್ತು ದಾಟಿದ ಮೇಲೂ ಅವರು ವೇದಿಕೆಯಲ್ಲಿ ಹಾಡಿದರು.

ಹಿರಿಯ ಗಾಯಕರು, ರಾಕ್ ಇರಲಿ, ಸಿನಿಮಾ ಇರಲಿ, ಸಾಮಾನ್ಯವಾಗಿ ಮಾಡಿಕೊಳ್ಳುವ ಹೊಂದಾಣಿಕೆಗಳು ಇವು. ನಿಮ್ಮ ಮನೆಯ ಹಾಡುಗಾರರಿಗೂ ಇವು ಒಗ್ಗುತ್ತವೆ.

- ಶ್ರುತಿ ಇಳಿಸುವುದು. ಹಾರ್ಮೋನಿಯಂ ಅಥವಾ ಶ್ರುತಿಪೆಟ್ಟಿಗೆಯಲ್ಲಿ ಒಂದೆರಡು ಮನೆ ಕೆಳಗೆ ಹಾಡಿದರೆ ಹಾಡು ಕೆಡುವುದಿಲ್ಲ. ಹಾಡಿನ ಅತಿ ಎತ್ತರದ ಸ್ವರ ಕತ್ತಿನ ನರ ಉಬ್ಬದೆ ಬರುವ ಶ್ರುತಿಯೇ ನಿಮ್ಮ ಈಗಿನ ಶ್ರುತಿ.
- ಉದ್ದನೆಯ ಸಾಲನ್ನು ಎರಡು ಉಸಿರಿಗೆ ಹಂಚುವುದು. ಪದದ ನಡುವೆ ನಿಲ್ಲದೆ ಅರ್ಥ ಮುರಿಯದ ಕಡೆ ಉಸಿರು ತೆಗೆದುಕೊಳ್ಳಬೇಕು.
- ಎತ್ತರದ ಸ್ವರವನ್ನು ಪೂರ್ಣ ಬಲದಿಂದ ಎಳೆಯದೆ ಹಗುರ ದನಿಯಲ್ಲಿ ಮುಟ್ಟುವುದು, ಅಥವಾ ಆ ಜಾಗದಲ್ಲಿ ಸ್ವರವನ್ನೇ ಬದಲಿಸುವುದು.
- ಪಲ್ಲವಿಯನ್ನು ಸಹಗಾಯಕರಿಗೋ ಕೇಳುಗರಿಗೋ ಬಿಡುವುದು. ದೊಡ್ಡ ಕಾರ್ಯಕ್ರಮಗಳಲ್ಲಿ ಗಾಯಕರು ಮೈಕನ್ನು ಜನರತ್ತ ತಿರುಗಿಸುವುದು ಸಂತೋಷಕ್ಕೂ ಹೌದು, ಗಂಟಲಿನ ವಿಶ್ರಾಂತಿಗೂ ಹೌದು.
- ಒಂದು ದಿನದ ಕಾರ್ಯಕ್ರಮದ ನಂತರ ಮರುದಿನ ಬಿಡುವು ಇಟ್ಟುಕೊಳ್ಳುವುದು.

ಎಸ್‌ಪಿಬಿ ಅವರು 1981ರ ಫೆಬ್ರುವರಿ 8ರಂದು ಬೆಂಗಳೂರಿನಲ್ಲಿ ಸಂಗೀತ ನಿರ್ದೇಶಕ ಉಪೇಂದ್ರ ಕುಮಾರ್ ಅವರಿಗಾಗಿ ಒಂದೇ ದಿನ 21 ಕನ್ನಡ ಹಾಡು ಹಾಡಿದ್ದು ಪ್ರಸಿದ್ಧ. ಆಗ ಅವರಿಗೆ 34 ವರ್ಷ. ಅದು ಸಾಹಸದ ಕಥೆ, ಅರವತ್ತೈದರ ದಿನಚರಿಗೆ ಮಾದರಿಯಲ್ಲ. ಮುಂದೆ ಹೈದರಾಬಾದ್‌ನ ಈಟಿವಿಯಲ್ಲಿ 'ಪಾಡುತಾ ತೀಯಗಾ' ನಡೆಸಿಕೊಡುತ್ತಾ ಅವರು ಹೆಚ್ಚು ಹೊತ್ತು ಕೇಳಿದರು, ತಿದ್ದಿದರು, ಬೇಕಾದಷ್ಟು ಹಾಡಿ ತೋರಿಸಿದರು. ಸಂಗೀತದಲ್ಲಿ ಉಳಿಯಲು ಇದೂ ಒಂದು ದಾರಿ.

"ವಯಸ್ಸು" ಎಂಬ ಹೆಸರಿನಲ್ಲಿ ಅಡಗುವ ರೋಗಗಳು

ಎಲ್ಲ ಬದಲಾವಣೆಯೂ ವಯಸ್ಸಿನದ್ದಲ್ಲ. ಮೂವರು ರಾಕ್ ಗಾಯಕರ ಅನುಭವ ನೋಡಿ.

ಅಮೆರಿಕದ ಜಾನ್ ಬಾನ್ ಜೋವಿ ಅವರ ದನಿ ಅರವತ್ತರ ಹತ್ತಿರ ಬಂದಾಗ ವೇದಿಕೆಯಲ್ಲಿ ತಡವರಿಸತೊಡಗಿತು. ಪರೀಕ್ಷಿಸಿದಾಗ ಒಂದು ಧ್ವನಿತಂತು ಸೊರಗಿ, ಇನ್ನೊಂದರ ಬಲಕ್ಕೆ ಸರಿದೂಗದೇ ಇರುವುದು ತಿಳಿಯಿತು. 2022ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ದುರ್ಬಲ ತಂತುವಿಗೆ ಒತ್ತು ಕೊಡುವ ಸಣ್ಣ ಆಧಾರವೊಂದನ್ನು ಒಳಗಿಟ್ಟರು. ನಂತರವೂ ದೀರ್ಘ ಕಾಲ ದನಿಯ ಅಭ್ಯಾಸ ಬೇಕಾಯಿತು. 2024ರಲ್ಲೂ ತಾವು ಇನ್ನೂ ಚೇತರಿಸಿಕೊಳ್ಳುತ್ತಿರುವುದಾಗಿ ಅವರು ಹೇಳುತ್ತಿದ್ದರು.

ಐರನ್ ಮೇಡನ್ ತಂಡದ ಬ್ರೂಸ್ ಡಿಕಿನ್ಸನ್ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ್ದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅವರಿಗೆ ನಾಲಿಗೆಯ ಹಿಂಭಾಗದಲ್ಲಿ ಕ್ಯಾನ್ಸರ್ ಇರುವುದು 2015ರ ಆರಂಭದಲ್ಲಿ ಜಗತ್ತಿಗೆ ತಿಳಿಯಿತು. ವಿಕಿರಣ ಚಿಕಿತ್ಸೆ ಮತ್ತು ಕೀಮೋಥೆರಪಿ ನಡೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ವೈದ್ಯರು ಕ್ಯಾನ್ಸರ್ ಇಲ್ಲವೆಂದರು. 2016ರಲ್ಲಿ ಅವರು ಮತ್ತೆ ವಿಶ್ವಪ್ರವಾಸ ಹೊರಟರು.

ಮೇಲೆ ಹೇಳಿದ ಇಯಾನ್ ಆ್ಯಂಡರ್ಸನ್ 2020ರಲ್ಲಿ ತಮಗೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಇರುವುದಾಗಿ ತಿಳಿಸಿದರು. ದಶಕಗಳ ಕಾಲ ವೇದಿಕೆಯ ಹೊಗೆಯಂತ್ರಗಳ ನಡುವೆ ಹಾಡಿದ್ದನ್ನು ಅವರು ಅದಕ್ಕೆ ಕಾರಣವಾಗಿ ಹೆಸರಿಸಿದರು.

ಹೊರಗಿನಿಂದ ಕೇಳುವವರಿಗೆ ಇಂಥದ್ದೆಲ್ಲ "ಮೊದಲಿನ ಹಾಗೆ ಹಾಡಲು ಆಗುತ್ತಿಲ್ಲ" ಎಂಬಂತೆಯೇ ಕಾಣಬಹುದು. ಕಾರಣ ಮಾತ್ರ ಒಬ್ಬರಲ್ಲಿ ಸ್ನಾಯು, ಇನ್ನೊಬ್ಬರಲ್ಲಿ ಕ್ಯಾನ್ಸರ್, ಮತ್ತೊಬ್ಬರಲ್ಲಿ ಶ್ವಾಸಕೋಶ.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಇತರ ಕಾರಣಗಳು:

- ಬೀಡಿ, ಸಿಗರೇಟು. ಇವು ಧ್ವನಿತಂತುಗಳಲ್ಲಿ ಊತ ತಂದು ದನಿಯನ್ನು ದಪ್ಪ ಮಾಡುತ್ತವೆ. ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೂ ಇವೇ ಮುಖ್ಯ ಕಾರಣ. ಜೊತೆಗೆ ಮದ್ಯವಿದ್ದರೆ ಅಪಾಯ ಇನ್ನಷ್ಟು. ಗುಟ್ಕಾ, ಜರ್ದಾ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ದಾರಿ.
- ಹೊಟ್ಟೆಯ ಆಮ್ಲ ಗಂಟಲವರೆಗೆ ಏರುವುದು. ಬೆಳಿಗ್ಗೆ ದನಿ ಗೊಗ್ಗರು, ಪದೇ ಪದೇ ಕ್ಯಾಕರಿಸುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನ್ನಿಸುವುದು ಇದರ ಲಕ್ಷಣ. ಎದೆಯುರಿ ಇಲ್ಲದೆಯೂ ಇದು ಇರಬಹುದು.
- ಥೈರಾಯ್ಡ್ ಕೊರತೆ. ದನಿ ದಪ್ಪವಾಗುವುದರ ಜೊತೆಗೆ ಸುಸ್ತು, ತೂಕ ಏರಿಕೆ, ಚಳಿ ತಡೆಯದಿರುವುದು ಕಾಣಬಹುದು.
- ಪಾರ್ಕಿನ್ಸನ್ ಕಾಯಿಲೆ. ದನಿ ಮೆಲ್ಲಗಾಗಿ, ಏರಿಳಿತವಿಲ್ಲದೆ ಒಂದೇ ಸಮನಾಗುತ್ತದೆ. ರೋಗಿಗೆ ತನ್ನ ದನಿ ಸರಿಯಾಗಿಯೇ ಇದೆ ಅನ್ನಿಸುತ್ತಿರುತ್ತದೆ.
- ಧ್ವನಿತಂತುವಿನ ನರಕ್ಕೆ ಪೆಟ್ಟು. ಥೈರಾಯ್ಡ್, ಕತ್ತು ಅಥವಾ ಎದೆಯ ಶಸ್ತ್ರಚಿಕಿತ್ಸೆಯ ನಂತರ ಇದು ಆಗಬಹುದು. ಶ್ವಾಸಕೋಶದ ಗಡ್ಡೆಯೂ ಈ ನರವನ್ನು ಒತ್ತಬಹುದು.
- ಔಷಧಿಗಳು. ಉಬ್ಬಸಕ್ಕೆ ಬಳಸುವ ಸ್ಟೀರಾಯ್ಡ್ ಇನ್‌ಹೇಲರ್ ದನಿಯನ್ನು ಗೊಗ್ಗರು ಮಾಡಬಹುದು. ಅದನ್ನು ಎಳೆದುಕೊಂಡ ಮೇಲೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಬೇಕು. ಅಲರ್ಜಿಯ ಮಾತ್ರೆಗಳು ಗಂಟಲು ಒಣಗಿಸುತ್ತವೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಒಣಕೆಮ್ಮು ತರುತ್ತವೆ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.
- ಕಿವಿ ಮಂದವಾಗುವುದು. ತನ್ನ ದನಿ ತನಗೆ ಕೇಳಿಸದೆ ಶ್ರುತಿ ತಪ್ಪುತ್ತದೆ, ಜೋರಾಗಿ ಹಾಡಿ ಗಂಟಲು ದಣಿಯುತ್ತದೆ. ಇಲ್ಲಿ ಮೊದಲು ಪರೀಕ್ಷೆ ಬೇಕಾದದ್ದು ಕಿವಿಗೆ.

ಯಾವಾಗ ಕಾಯಬಾರದು?

ಶೀತ, ಜ್ವರದ ಜೊತೆ ಗಂಟಲು ಕಟ್ಟಿದರೆ ಒಂದೆರಡು ವಾರದಲ್ಲಿ ತಾನಾಗಿ ಸರಿಹೋಗುತ್ತದೆ. ಮೂರು ವಾರ ಕಳೆದರೂ ದನಿ ಗೊಗ್ಗರಾಗಿಯೇ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ತಂಬಾಕು ಬಳಸುವವರು, ಹಿಂದೆ ಬಳಸುತ್ತಿದ್ದವರು ಈ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಧ್ವನಿತಂತುವಿನ ಕ್ಯಾನ್ಸರ್ ಮೊದಲ ಹಂತದಲ್ಲೇ ದನಿಯನ್ನು ಬದಲಿಸುತ್ತದೆ. ಹಾಗಾಗಿ ಅದನ್ನು ಬೇಗ ಪತ್ತೆ ಮಾಡುವ ಅವಕಾಶ ನಿಮಗಿದೆ. ಬೇಗ ಸಿಕ್ಕರೆ ಬಹುತೇಕರು ಗುಣವಾಗುತ್ತಾರೆ, ದನಿಯೂ ಉಳಿಯುತ್ತದೆ. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬರಬಹುದು.

ಕೆಳಗಿನವು ಕಂಡರೆ ಮೂರು ವಾರವೂ ಕಾಯಬೇಡಿ:

- ಕತ್ತಿನಲ್ಲಿ ಗಡ್ಡೆ
- ನುಂಗಲು ಕಷ್ಟ, ಅಥವಾ ನುಂಗುವಾಗ ನೋವು
- ಕಫದಲ್ಲಿ ರಕ್ತ
- ಕಾರಣವಿಲ್ಲದೆ ಒಂದೇ ಕಿವಿಯಲ್ಲಿ ನೋವು
- ಪ್ರಯತ್ನಿಸದೆ ತೂಕ ಇಳಿಯುವುದು
- ನೀರು ಕುಡಿದಾಗಲೆಲ್ಲ ಕೆಮ್ಮು ಬರುವುದು
- ಹಾಡುವಾಗ ಅಥವಾ ಕೂಗಿದಾಗ ದನಿ ಒಮ್ಮೆಲೇ ನಿಂತುಹೋಗುವುದು

ಉಸಿರು ಎಳೆದುಕೊಳ್ಳುವಾಗ ಗೊರಗೊರ ಅಥವಾ ಸೀಟಿಯಂಥ ಸದ್ದು ಬಂದು ಉಸಿರಾಡಲು ಕಷ್ಟವಾದರೆ ಅದು ತುರ್ತು. ಮಾತು ತೊದಲುವುದರ ಜೊತೆಗೆ ಬಾಯಿ ಸೊಟ್ಟಗಾದರೆ, ಕೈ ಬಲ ಕಳೆದುಕೊಂಡರೆ ಅದು ಪಾರ್ಶ್ವವಾಯು ಇರಬಹುದು. ಎರಡೂ ಸಂದರ್ಭಗಳಲ್ಲಿ ತಕ್ಷಣ 108ಕ್ಕೆ ಕರೆ ಮಾಡಿ.

ಪರೀಕ್ಷೆ ಮತ್ತು ಚಿಕಿತ್ಸೆ

ಕೇವಲ ದನಿ ಕೇಳಿ ಕಾರಣ ಹೇಳಲು ಯಾವ ವೈದ್ಯರಿಗೂ ಆಗುವುದಿಲ್ಲ. ತಂತುಗಳನ್ನು ಕಣ್ಣಾರೆ ನೋಡಬೇಕು. ಇದಕ್ಕೆ ಲ್ಯಾರಿಂಗೋಸ್ಕೋಪಿ ಮಾಡುತ್ತಾರೆ. ಮರಗಟ್ಟಿಸುವ ಔಷಧ ಸಿಂಪಡಿಸಿ, ಮೂಗಿನ ಮೂಲಕ ತೆಳುವಾದ ಬಾಗುವ ನಳಿಕೆಯನ್ನೋ ಬಾಯಿಯ ಮೂಲಕ ಗಟ್ಟಿ ನಳಿಕೆಯನ್ನೋ ಇಳಿಸಿ, ಪರದೆಯ ಮೇಲೆ ತಂತುಗಳನ್ನು ನೋಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಸ್ವಲ್ಪ ಕಿರಿಕಿರಿಯಾಗುತ್ತದೆ, ನೋವು ಹೆಚ್ಚಿರುವುದಿಲ್ಲ. ಸ್ಟ್ರೋಬೋಸ್ಕೋಪಿ ಎಂಬ ಪರೀಕ್ಷೆಯಲ್ಲಿ ಮಿನುಗುವ ಬೆಳಕಿನ ಸಹಾಯದಿಂದ ತಂತುಗಳ ಕಂಪನವನ್ನು ನಿಧಾನಗತಿಯಲ್ಲಿ ಕಾಣಬಹುದು. ಹಾಡುವವರಿಗೆ ಇದು ಹೆಚ್ಚು ಉಪಯುಕ್ತ.

ಹೈದರಾಬಾದ್‌ನಲ್ಲಿರುವವರು ಕೋಠಿಯ ಸರ್ಕಾರಿ ಇಎನ್‌ಟಿ ಆಸ್ಪತ್ರೆಗೆ ಹೋಗಬಹುದು. ಮಾತು ಮತ್ತು ಶ್ರವಣದ ತೊಂದರೆಗಳಿಗೆ ಸಿಕಂದರಾಬಾದ್‌ನ ಮನೋವಿಕಾಸ ನಗರದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಕರ್ನಾಟಕದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಮಾತನಾಡಿ ಧ್ವನಿ ಚಿಕಿತ್ಸೆ ಪಡೆಯಬಹುದು.

ವಯಸ್ಸಿನಿಂದ ಸೊರಗಿದ ದನಿಗೆ ಮೊದಲ ಚಿಕಿತ್ಸೆ ವ್ಯಾಯಾಮ. ವಾಕ್ ಚಿಕಿತ್ಸಕರು ಉಸಿರಿನ ಬಳಕೆ, ಬಾಯಿ ಮುಚ್ಚಿ ಗುಂಯ್‌ಗುಡುವುದು, ಸ್ಟ್ರಾ ಮೂಲಕ ಸ್ವರ ಎಳೆಯುವುದು ಮುಂತಾದವನ್ನು ಕಲಿಸುತ್ತಾರೆ. ದಿನವೂ ಮಾಡಿದರೆ ಕೆಲವು ವಾರಗಳಲ್ಲಿ ವ್ಯತ್ಯಾಸ ಕಾಣತೊಡಗುತ್ತದೆ. ಪಾರ್ಕಿನ್ಸನ್ ಇರುವವರಿಗೆ ಜೋರಾಗಿ ಮಾತನಾಡುವುದನ್ನು ಮತ್ತೆ ಕಲಿಸುವ ವಿಶೇಷ ತರಬೇತಿ ಇದೆ.

ಅಷ್ಟಕ್ಕೆ ಸಾಲದಿದ್ದರೆ ತಂತುವಿನ ಪಕ್ಕದಲ್ಲಿ ಚುಚ್ಚುಮದ್ದಿನ ಮೂಲಕ ಜೆಲ್ ತುಂಬಿ ಸಂದು ಮುಚ್ಚುತ್ತಾರೆ. ಇದರ ಪರಿಣಾಮ ಸಾಮಾನ್ಯವಾಗಿ ಕೆಲವು ತಿಂಗಳಷ್ಟೇ. ಶಾಶ್ವತ ಪರಿಹಾರ ಬೇಕಾದವರಿಗೆ ಬಾನ್ ಜೋವಿ ಅವರಿಗೆ ಮಾಡಿದಂಥ ಶಸ್ತ್ರಚಿಕಿತ್ಸೆ ಇದೆ. ಗಂಟುಗಳು ಹೆಚ್ಚಾಗಿ ಧ್ವನಿ ಚಿಕಿತ್ಸೆಯಿಂದಲೇ ಕರಗುತ್ತವೆ.

ಹಾಡುವವರು ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಒಂದು ಮಾತು ತಿಳಿದಿರಬೇಕು. ಎಲ್ಟನ್ ಜಾನ್ 1987ರ ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರ ವೃತ್ತಿ ಉಳಿಯಿತು, ಆದರೆ ಮುಂದಿನ ದನಿ ಹಿಂದಿನದಕ್ಕಿಂತ ಕೆಳಗಿತ್ತು, ಮೊದಲಿನ ಕೀರಲು ಸ್ವರಗಳು ಮರಳಲಿಲ್ಲ. ಆದ್ದರಿಂದ ವೈದ್ಯರನ್ನು ಹೀಗೆ ಕೇಳಿ: ಈ ಚಿಕಿತ್ಸೆಯ ನಂತರ ಮಾತಿನ ದನಿ ಹೇಗಿರುತ್ತದೆ? ಹಾಡಿನ ದನಿ ಹೇಗಿರುತ್ತದೆ? ಎಷ್ಟು ದಿನ ಮೌನ ಬೇಕು? ವ್ಯಾಯಾಮದಿಂದ ಸರಿಹೋಗುವ ಸಾಧ್ಯತೆ ಇದೆಯೇ? ಆದರೆ ಕ್ಯಾನ್ಸರಿನ ಅನುಮಾನವಿದ್ದು ತುಣುಕು ತೆಗೆದು ಪರೀಕ್ಷಿಸಬೇಕು ಎಂದರೆ, ಹಾಡಿನ ಚಿಂತೆಯಲ್ಲಿ ಅದನ್ನು ಮುಂದೂಡಬೇಡಿ.

ಮನೆಯಲ್ಲಿ ಏನು ಮಾಡಬಹುದು?

ಕಲ್ಲುಸಕ್ಕರೆ, ಕಾಳುಮೆಣಸು, ಜೇನು, ಅತಿಮಧುರ ಎಲ್ಲವೂ ಗಂಟಲಿಗೆ ಹಿತ. ಆದರೆ ನಾವು ನುಂಗಿದ್ದು ಯಾವುದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ನುಂಗುವಾಗ ಶ್ವಾಸದ ದಾರಿ ಮುಚ್ಚಿಕೊಂಡು, ತಿಂದದ್ದು ಅನ್ನನಾಳಕ್ಕೆ ಹೋಗುತ್ತದೆ. ಬಾಯಿ ಮುಕ್ಕಳಿಸುವ ಉಪ್ಪುನೀರೂ ಅಲ್ಲಿಗೆ ತಲುಪದು. ಅತಿಮಧುರವನ್ನು ದಿನವೂ ಹೆಚ್ಚಾಗಿ ತಿಂದರೆ ರಕ್ತದೊತ್ತಡ ಏರಬಹುದು, ದೇಹದ ಪೊಟ್ಯಾಸಿಯಂ ಇಳಿಯಬಹುದು. ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಎಚ್ಚರ ವಹಿಸಬೇಕು.

ತಂತುಗಳಿಗೆ ನೇರವಾಗಿ ತಲುಪುವುದು ನಾವು ಉಸಿರಾಡುವ ಗಾಳಿ. ಸಾದಾ ನೀರಿನ ಹಬೆ ತೆಗೆದುಕೊಳ್ಳುವುದು ಒಳ್ಳೆಯದು. ಅದಕ್ಕೆ ಬಾಮ್, ಕರ್ಪೂರ ಹಾಕಬೇಡಿ. ಕುದಿಯುವ ಪಾತ್ರೆಯ ಮೇಲೆ ಹಿರಿಯರನ್ನು ಒಬ್ಬರೇ ಬಗ್ಗಿಸಿ ಕೂರಿಸಬೇಡಿ, ಸುಡುವ ಅಪಾಯವಿದೆ.

- ನೀರನ್ನು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರು ಹೇಳಿದ ಅಳತೆ ಮೀರಬಾರದು.
- ರಾತ್ರಿ ಹತ್ತರ ಮೇಲೆ ಬಿರಿಯಾನಿ, ಸಾಲನ್ ತಿಂದು ಕೂಡಲೇ ಮಲಗುವ ಅಭ್ಯಾಸ ಆಮ್ಲ ಏರಲು ದಾರಿ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರವಿರಲಿ. ಮಂಚದ ತಲೆಯ ಭಾಗವನ್ನು ಅರ್ಧ ಅಡಿ ಎತ್ತರಿಸಿ.
- ಕ್ಯಾಕರಿಸುವ ಬದಲು ಒಂದು ಗುಟುಕು ನೀರು ಕುಡಿಯಿರಿ, ಅಥವಾ ಸುಮ್ಮನೆ ನುಂಗಿ.
- ಗಂಟಲು ಕಟ್ಟಿದಾಗ ಪಿಸುಗುಟ್ಟುವುದು ವಿಶ್ರಾಂತಿಯಲ್ಲ. ಒತ್ತಿ ಪಿಸುಗುಟ್ಟಿದರೆ ಗಂಟಲು ಇನ್ನಷ್ಟು ದಣಿಯುತ್ತದೆ. ಮೌನವಾಗಿರಿ, ಇಲ್ಲವೇ ಮೆಲ್ಲಗೆ ಮಾತನಾಡಿ.
- ಹಾಡುವ ಮುನ್ನ ಹತ್ತು ನಿಮಿಷ ಕೆಳಗಿನ ಸ್ವರಗಳಲ್ಲಿ ಗುಂಯ್‌ಗುಟ್ಟಿ ಗಂಟಲನ್ನು ಹದ ಮಾಡಿಕೊಳ್ಳಿ.
- ಮೈಕ್ ಇದ್ದರೆ ಸಂಕೋಚವಿಲ್ಲದೆ ಬಳಸಿ. ಟಿವಿ ಹಚ್ಚಿಟ್ಟು ಅದರ ಮೇಲೆ ಕೂಗಿ ಮಾತನಾಡಬೇಡಿ.
- ವೇದಿಕೆಯಲ್ಲಿ ಹೊಗೆ ಬಿಡುತ್ತಾರೆ ಎಂದಾದರೆ ಆಯೋಜಕರಿಗೆ ಮೊದಲೇ ಬೇಡವೆನ್ನಿ.

ಮಿತಿ ತಿಳಿಯಲು ಒಂದು ಸರಳ ಅಳತೆ ಇದೆ. ಹಾಡಿದ ಮರುದಿನ ಬೆಳಿಗ್ಗೆ ದನಿ ಎಂದಿನಂತಿದ್ದರೆ ನಿನ್ನೆ ಹಾಡಿದ್ದು ಸರಿಯಾದ ಪ್ರಮಾಣ. ಗೊಗ್ಗರಾಗಿದ್ದರೆ ಅದು ಹೆಚ್ಚಾಯಿತು.

ಆರೈಕೆ ಮಾಡುವವರಿಗೆ

ಹಾಡುವವರಿಗೆ ದನಿ ಎಂದರೆ ತಾವೇ. ಅದು ಬದಲಾದಾಗ ಅವರು ಮದುವೆ, ಹಬ್ಬ, ಸಂಘದ ಕಾರ್ಯಕ್ರಮಗಳಿಂದ ದೂರ ಸರಿಯುತ್ತಾರೆ. ಹೊರಗೆ "ಗಂಟಲು ಸರಿಯಿಲ್ಲ" ಎನ್ನುತ್ತಾರೆ, ಒಳಗೆ ನಾಚಿಕೆಯೂ ಬೇಸರವೂ ಇರುತ್ತದೆ. ಮಾತು ಕಡಿಮೆಯಾದರೆ ದನಿ ಮತ್ತಷ್ಟು ಸೊರಗುತ್ತದೆ. ಬಳಸದ ಸ್ನಾಯು ಕುಗ್ಗುವ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಆದ್ದರಿಂದ ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ಅವರನ್ನು ಹಾಡಲು ಬಿಡಿ, ಹಾಡಲು ಕೇಳಿ.

ಹಳೆಯ ರೆಕಾರ್ಡಿಂಗ್ ಹಾಕಿ "ಆಗ ಹೇಗಿತ್ತು ನೋಡಿ" ಎನ್ನಬೇಡಿ. ಅದರ ಬದಲು ಮೊಬೈಲಿನಲ್ಲಿ ತಿಂಗಳಿಗೊಮ್ಮೆ ಅದೇ ನಾಲ್ಕು ಸಾಲು ಹಾಡಿಸಿ, ಇಟ್ಟುಕೊಳ್ಳಿ. ಬದಲಾವಣೆ ನಿಧಾನವೋ ಹಠಾತ್ತೋ ಎಂಬುದು ಅದರಿಂದ ತಿಳಿಯುತ್ತದೆ. ಆಸ್ಪತ್ರೆಗೆ ಹೋಗುವಾಗ ಆ ರೆಕಾರ್ಡಿಂಗ್, ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿ, 'ದನಿ ಯಾವಾಗಿನಿಂದ ಹೀಗಿದೆ' ಎಂಬ ದಿನಾಂಕ, ತಂಬಾಕಿನ ಬಳಕೆಯ ನಿಜವಾದ ಲೆಕ್ಕ, ಇಷ್ಟನ್ನು ಜೊತೆಗೆ ಒಯ್ಯಿರಿ. ವೈದ್ಯರ ಅರ್ಧ ಕೆಲಸ ಇದರಿಂದಲೇ ಸುಲಭವಾಗುತ್ತದೆ.

ಮುಂದಿನ ಸಲ ಅಪ್ಪ ಹಾಡಲು ಕೂತಾಗ ಶ್ರುತಿಯನ್ನು ಒಂದು ಮನೆ ಇಳಿಸಿ ಕೊಡಿ. ದನಿ ಕಟ್ಟಿ ಮೂರು ವಾರ ದಾಟಿದ್ದರೆ ಮಾತ್ರ, ಹಾಡನ್ನು ಪಕ್ಕಕ್ಕಿಟ್ಟು ಮೊದಲು ತಜ್ಞರ ಬಳಿ ಕರೆದುಕೊಂಡು ಹೋಗಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಅಥವಾ ನಿಮ್ಮವರ ತೊಂದರೆಗೆ ವೈದ್ಯರು ಪರೀಕ್ಷಿಸಿ ಹೇಳುವ ಸಲಹೆಯೇ ಅಂತಿಮ.